ದಂಡ ಮುಖಕ್ಕೆ, ತಲೆವಸ್ತ್ರಕ್ಕಲ್ಲ

ಪ್ರಶ್ನೆ: ಮಗ ಪ್ಯಾರಿಸ್‌ನಲ್ಲಿದ್ದಾನೆ. ಎರಡು ತಿಂಗಳು ಇದ್ದು ಬರೋಣ ಅಂತಿದ್ದೇನೆ. ಹೊರಗೆ ಹೊರಟರೆ ಬುರ್ಖಾ, ಮುಖಕ್ಕೆ ನಖಾಬ್ ನನಗೆ ರೂಢಿ. ಅಲ್ಲಿ ಬುರ್ಖಾವನ್ನೇ ಪೊಲೀಸರು ತೆಗೆಸುತ್ತಾರಂತೆ, ನಿಜವೇ?
– ಓದುಗರೊಬ್ಬರು, ಭಟ್ಕಳ

ಉತ್ತರ: ಬುರ್ಖಾ ಧಾರಾಳವಾಗಿ ತೊಡಿ, ನಖಾಬ್ ಮಾತ್ರ ಬೇಡ. 2011ರ ಏಪ್ರಿಲ್ 11ರಿಂದ ಜಾರಿಯಲ್ಲಿರುವ ಫ್ರಾನ್ಸಿನ ಕಾಯ್ದೆಯಲ್ಲಿ ಬುರ್ಖಾ ಎಂಬ ಪದವೇ ಇಲ್ಲ. ಸಾರ್ವಜನಿಕ ಜಾಗದಲ್ಲಿ ಮುಖ ಮರೆಸುವ ಉಡುಪು ಕೂಡದು ಎಂದಿದೆ, ಅಷ್ಟೆ. ತಲೆ, ಕಿವಿ, ಕುತ್ತಿಗೆ ಮುಚ್ಚಿ ಹಣೆಯಿಂದ ಗಲ್ಲದವರೆಗೆ ಕಾಣುವಂತೆ ಪಿನ್ ಹಾಕಿಕೊಂಡರೆ ಯಾರೂ ಕೇಳುವಂತಿಲ್ಲ. ರಸ್ತೆ, ಮೆಟ್ರೊ, ಅಂಗಡಿ, ಪಾರ್ಕು, ಸರ್ಕಾರಿ ಕಚೇರಿ ಎಲ್ಲವೂ ಸಾರ್ವಜನಿಕವೇ. ಮಸೀದಿಯೊಳಗೆ ನಿಷೇಧವಿಲ್ಲ. ಮಗನ ಸ್ವಂತ ಕಾರೂ ಖಾಸಗಿ ಜಾಗವೇ, ಆದರೆ ನಖಾಬ್ ಹಾಕಿ ನೀವೇ ಕಾರು ಓಡಿಸಿದರೆ ನೋಟಕ್ಕೆ ಅಡ್ಡಿ ಎಂಬ ಬೇರೆ ಕೇಸು ಬೀಳಬಹುದು.

ಪೊಲೀಸರು ತಡೆದರೆ ಬಲವಂತದಿಂದ ಬಟ್ಟೆಗೆ ಕೈ ಹಾಕುವಂತಿಲ್ಲ. ಮುಖ ತೋರಿಸಲು ಹೇಳುತ್ತಾರೆ. ತೋರಿಸಿದರೆ ಗುರುತು ಬರೆದುಕೊಳ್ಳುತ್ತಾರೆ. ಒಪ್ಪದಿದ್ದರೆ ಗುರುತು ಪರಿಶೀಲನೆಗೆ ಠಾಣೆಗೆ ಕರೆದೊಯ್ದು, ಹೆಚ್ಚೆಂದರೆ 4 ಗಂಟೆ ಇಟ್ಟುಕೊಳ್ಳಬಹುದು. ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ದಂಡ 150 ಯೂರೋವರೆಗೆ. ಅಂಗಡಿಯ ಕಾವಲಿನವನು ಒಳಗೆ ಬಿಡದಿರಬಹುದು, ಮುಟ್ಟುವ ಅಧಿಕಾರ ಅವನಿಗಿಲ್ಲ.

ಮಗನಿಗೂ ಒಂದು ಮಾತು: ಹೆಂಗಸಿಗೆ ಒತ್ತಾಯದಿಂದ ಮುಖ ಮುಚ್ಚಿಸಿದವರಿಗೆ 1 ವರ್ಷ ಜೈಲು, 30,000 ಯೂರೋ ದಂಡ.

ಜ್ಯೂರಿಕ್ ಮೂಲಕ ಟಿಕೆಟ್ ಮಾಡಿದ್ದೀರಾ? ಸ್ವಿಟ್ಜರ್‌ಲೆಂಡಿನಲ್ಲೂ 2025ರ ಜನವರಿ 1ರಿಂದ ಇದೇ ನಿಯಮ. ವಿಮಾನದೊಳಗೆ ಅನ್ವಯಿಸದು, ಇಳಿದ ಮೇಲೆ ಅನ್ವಯಿಸುತ್ತದೆ. ಸ್ಥಳದಲ್ಲೇ 100 ಫ್ರಾಂಕ್. ಕಟ್ಟಲು ಒಪ್ಪದಿದ್ದರೆ 1,000ದವರೆಗೂ ಏರಬಹುದು.

ಪ್ರಶ್ನೆ: ನಿಷೇಧದಿಂದ ಅಲ್ಲಿನ ಹೆಂಗಸರಿಗೆ ಬಿಡುಗಡೆ ಸಿಕ್ಕಿತಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರನ್ನೇ ಕೇಳಿದರೆ ಹಾಗೆ ಕಾಣುವುದಿಲ್ಲ. ಮಾನವ ಹಕ್ಕುಗಳಿಗಾಗಿ ಕೆಲಸ ಮಾಡುವ ಓಪನ್ ಸೊಸೈಟಿ ಫೌಂಡೇಶನ್ಸ್ ಸಂಸ್ಥೆ ತನ್ನ 2011ರ ವರದಿಗಾಗಿ ಫ್ರಾನ್ಸಿನ 32 ಮಹಿಳೆಯರನ್ನು ಮಾತನಾಡಿಸಿತ್ತು. ಹೆಚ್ಚಿನವರು ತಾವಾಗಿಯೇ ನಖಾಬ್ ತೊಟ್ಟವರು. ಕೆಲವರಿಗೆ ಮನೆಯವರದೇ ವಿರೋಧ. ಪೊಲೀಸರಿಗಿಂತ ದಾರಿಹೋಕರ ಬೈಗುಳವೇ ಹೆಚ್ಚು ಕಾಡಿತ್ತು. ಕಾನೂನು ಬಂದ ಮೇಲೆ, ಅದೇ ಸಂಸ್ಥೆಯ 2013ರ ವರದಿಯಂತೆ, ಕೆಲವರು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು. ಬಿಡುಗಡೆಯ ಹೆಸರಲ್ಲಿ ಮನೆಯೊಳಗೇ ಕೂರಿಸಿದಂತಾಯಿತು. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ‘ಕೂಡಿ ಬಾಳುವ’ ತತ್ವದ ಮೇಲೆ ನಿಷೇಧವನ್ನು ಒಪ್ಪಿತು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು ಹಕ್ಕಿನ ಉಲ್ಲಂಘನೆ ಎಂದಿತು. ತಮಾಷೆಯೆಂದರೆ, ಕೊರೊನಾ ಕಾಲದಲ್ಲಿ ಅದೇ ಮೆಟ್ರೊದಲ್ಲಿ ಮಾಸ್ಕ್ ಇಲ್ಲದವರಿಗೆ ದಂಡ!

ಪ್ರಶ್ನೆ: ಉಡುಪಿಯ ಹಿಜಾಬ್ ವಿವಾದವೂ ಇದೇ ತಾನೆ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಲ್ಲ. ಅದು ತರಗತಿಯೊಳಗಿನ ತಲೆವಸ್ತ್ರದ ಪ್ರಶ್ನೆ, ಮುಖದ್ದಲ್ಲ. ಹೋಲಿಸಲೇಬೇಕಿದ್ದರೆ, ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಗುರುತುಗಳನ್ನು ತಡೆದ ಫ್ರಾನ್ಸಿನ 2004ರ ಕಾಯ್ದೆಗೆ ಹೋಲಿಸಿ. ಆ ಕಾಯ್ದೆಯ ದಿನಾಂಕ ಮಾರ್ಚ್ 15. 2022ರಲ್ಲಿ ನಮ್ಮ ಹೈಕೋರ್ಟ್ ತೀರ್ಪು ಕೊಟ್ಟದ್ದೂ ಮಾರ್ಚ್ 15ರಂದೇ. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.