ಕಾಫಿ ದುಡ್ಡು ಕೈಗೆ ಬಂತು, ಯಾವ ಸಾಲ ಮೊದಲು?

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮಗೆ ಮೂರೂವರೆ ಎಕರೆ ರೋಬಸ್ಟಾ ಕಾಫಿ ತೋಟ ಇದೆ, ಮರಕ್ಕೆ ಒಳ್ಳೆಮೆಣಸಿನ ಬಳ್ಳಿ. ಯಜಮಾನರು ಪಿಕಪ್ ಓಡಿಸುತ್ತಾರೆ. ಸಾಲ ಹೀಗಿದೆ: ಸೊಸೈಟಿಯಲ್ಲಿ ಬೆಳೆ ಸಾಲ 3 ಲಕ್ಷ, ಬ್ಯಾಂಕಿನಲ್ಲಿ ಚಿನ್ನ ಇಟ್ಟು ತಂದಿದ್ದು 1.8 ಲಕ್ಷ, ಕೈಸಾಲ 1.5 ಲಕ್ಷ (ನೂರಕ್ಕೆ ಮೂರು), ಸ್ವಸಹಾಯ ಸಂಘದ ಸಾಲ 60 ಸಾವಿರ, ಕ್ರೆಡಿಟ್ ಕಾರ್ಡ್ 45 ಸಾವಿರ, ಪಿಕಪ್ ಸಾಲಕ್ಕೆ ತಿಂಗಳಿಗೆ 9,200ರಂತೆ ಇನ್ನೂ 22 ಕಂತು. ಹೋದ ಆಗಸ್ಟ್‌ನಲ್ಲಿ ಕಾಫಿ ವ್ಯಾಪಾರಿಯ ಹತ್ತಿರ ಚೀಲಕ್ಕೆ 8,000ದಂತೆ 10 ಚೀಲದ ದುಡ್ಡನ್ನೂ ಮೊದಲೇ ತಂದಿದ್ದೆವು, ಅದು ಈಗ ಚುಕ್ತಾ ಆಯಿತು. ಕೊಯ್ಲಿನ ಕೂಲಿ, ಸಾಗಣೆ ಎಲ್ಲ ಕಳೆದು ಕೈಯಲ್ಲಿ 4.2 ಲಕ್ಷ ಇದೆ. ಪಿಕಪ್ ಸಾಲ ತೀರಿಸಿ ನೆಮ್ಮದಿಯಾಗಿರೋಣ ಅಂತಾರೆ ಯಜಮಾನರು. ಮೇ ತಿಂಗಳಲ್ಲಿ ನಾದಿನಿಯ ಮಗಳ ಮದುವೆ, ಬರೀ ಕತ್ತಿನಲ್ಲಿ ಹೋಗೋಕಾಗುತ್ತಾ, ಚಿನ್ನ ಬಿಡಿಸಿ ಅಂತಾರೆ ಅತ್ತೆ. ಪ್ರತಿ ವರ್ಷ ಸಾಲ ತೀರಿಸುತ್ತೇವೆ, ಪ್ರತಿ ವರ್ಷ ಅಷ್ಟೇ ಇರುತ್ತೆ. ಏನು ಮಾಡಲಿ?

ಉತ್ತರ: ‘ಪ್ರತಿ ವರ್ಷ ಅಷ್ಟೇ ಇರುತ್ತೆ’ ಅಂದಿರಲ್ಲ, ನಿಜವಾದ ಪ್ರಶ್ನೆ ಅದೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಯಜಮಾನರ ಮಾತು ನೋಡೋಣ.

ಪಿಕಪ್‌ಗೆ ಉಳಿದ 22 ಕಂತು ಕೂಡಿಸಿದರೆ 2,02,400 ರೂಪಾಯಿ. ಬಡ್ಡಿ ನೂರಕ್ಕೆ 11ರ ಆಸುಪಾಸು ಅಂತ ಇಟ್ಟುಕೊಂಡರೆ, ಈಗಲೇ ಚುಕ್ತಾ ಮಾಡಲು ಸುಮಾರು 1,82,000 ಬೇಕು. ಅಂದರೆ ಅಷ್ಟು ದುಡ್ಡು ಸುರಿದು ನಿಮಗೆ ಉಳಿಯುವುದು 20 ಸಾವಿರ, ಅದೂ 22 ತಿಂಗಳಿಗೆ. ಗಾಡಿ ಸಾಲವನ್ನು ಅವಧಿಗೆ ಮುಂಚೆ ಮುಚ್ಚಿದರೆ ಶುಲ್ಕ ಹಾಕುವವರು ಜಾಸ್ತಿ, ಅದನ್ನೂ ಕಳೆದುಕೊಳ್ಳಿ. ಇನ್ನೊಂದು ಕಡೆ ಆ ಕೈಸಾಲ. ನೂರಕ್ಕೆ ಮೂರು ಅಂದರೆ ಕೇಳೋಕೆ ಸಣ್ಣದು, ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ನೂರಕ್ಕೆ 36. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 4,500, ವರ್ಷಕ್ಕೆ 54 ಸಾವಿರ ಬರೀ ಬಡ್ಡಿ, ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಈ ಎರಡು ಲೆಕ್ಕವನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಯಜಮಾನರ ಮುಂದೆ ಇಡಿ. ವಾದ ಮಾಡುವ ಕೆಲಸವೇ ಇರುವುದಿಲ್ಲ.

ಹಾಗಾಗಿ ಮೊದಲು ಹೋಗಬೇಕಾದ್ದು ಕೈಸಾಲ. ದುಡ್ಡು ಕೊಡುವ ದಿನವೇ, ಅಲ್ಲೇ ಕೂತು, ನೀವು ಸಹಿ ಮಾಡಿ ಕೊಟ್ಟಿದ್ದ ಖಾಲಿ ಚೆಕ್, ಪ್ರೋನೋಟು, ಬಾಂಡ್ ಪೇಪರ್ ಎಲ್ಲ ವಾಪಸ್ ತಗೊಳ್ಳಿ. ‘ನಾಳೆ ಹುಡುಕಿ ಕೊಡ್ತೀನಿ’ ಅಂದರೆ ನಾಳೆಯೇ ದುಡ್ಡು ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದ ಒಂದು ಮೂಲೆ ಜಾರಿ ಹಳ್ಳಕ್ಕೆ ಬಿತ್ತು, ಆಗ ರೋಬಸ್ಟಾ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಚೀಲಕ್ಕೆ ನಾಲ್ಕು ಸಾವಿರವೂ ಇರಲಿಲ್ಲ, ನಾನೂ ಪರಿಚಯದವರೊಬ್ಬರ ಹತ್ತಿರ ಕೈಸಾಲ ಮಾಡಿದ್ದೆ. ಎರಡು ವರ್ಷಕ್ಕೆ ತೀರಿಸಿದೆ. ಚೆಕ್ ಕೇಳೋಕೆ ಸಂಕೋಚ, ನೆಂಟರ ಪೈಕಿ ಬೇರೆ. ಆಮೇಲೆ ಅದೇ ಚೆಕ್ ಬ್ಯಾಂಕಿಗೆ ಬಂತು. ತೀರಿಸಿದ ಸಾಲಕ್ಕೆ ವಕೀಲರ ಫೀಸು ಕಟ್ಟಿದವನು ನಾನು.

ಎರಡನೆಯದು ಕಾರ್ಡ್. ತಿಂಗಳಿಗೆ ನೂರಕ್ಕೆ ಮೂರೂವರೆ ಅಂದರೂ 45 ಸಾವಿರಕ್ಕೆ 1,575 ಬಡ್ಡಿ, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ, ಒಟ್ಟು 1,850 ದಾಟುತ್ತದೆ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಅಂತ ಇರುತ್ತಲ್ಲ, ಅದನ್ನೇ ಕಟ್ಟುತ್ತಾ ಹೋದರೆ ಅದರಲ್ಲಿ ಹೆಚ್ಚು ಪಾಲು ಬಡ್ಡಿಗೇ ಹೋಗುತ್ತದೆ, ಮೇಲಿಂದ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ. ಪೂರ್ತಿ ಕಟ್ಟಿ. ಕಾರ್ಡ್ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ನಿಮ್ಮ ಕೈ ಎಷ್ಟು ಬಿಗಿ ಅನ್ನುವುದರ ಮೇಲೆ. ನನ್ನನ್ನು ಕೇಳಿದರೆ, ಒಂದು ವರ್ಷ ಬೀರುವಿನಲ್ಲಿ ಇಡಿ.

ಈಗ ಸೊಸೈಟಿ. ಮೊತ್ತ ದೊಡ್ಡದು ಅಂತ ಎಲ್ಲರೂ ಇದಕ್ಕೇ ಹೆದರುತ್ತಾರೆ, ಆದರೆ ನಿಮ್ಮ ಸಾಲಗಳಲ್ಲಿ ಅತಿ ಅಗ್ಗದ್ದು ಇದೇ. ಸಹಕಾರ ಸಂಘದ ಬೆಳೆ ಸಾಲಕ್ಕೆ ರಾಜ್ಯ ಸರ್ಕಾರದ ಯೋಜನೆಯಲ್ಲಿ ಬಡ್ಡಿಯೇ ಇಲ್ಲ. 2023ರಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಮುಖ್ಯ ಷರತ್ತು, ಗಡುವಿನೊಳಗೆ ಕಟ್ಟಬೇಕು. ಒಂದು ದಿನ ತಪ್ಪಿದರೂ ಆ ಸೌಲಭ್ಯ ಕೈಬಿಟ್ಟು ಬಡ್ಡಿ ಬೀಳುತ್ತದೆ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಗಡುವಿನ ಹಿಂದಿನ ವಾರ ಬಡ್ಡಿಗೆ ದುಡ್ಡು ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಕೈಗೆ ಬಂದ ಮೇಲೆ ಅವರಿಗೆ ವಾಪಸ್ ಕೊಡುತ್ತಾರೆ. ನಿಮಗೆ ಈ ವರ್ಷ ಆ ಗ್ರಹಚಾರ ಇಲ್ಲ, 4.2 ಲಕ್ಷ ಕೈಯಲ್ಲೇ ಇದೆ. ಗಡುವು ಯಾವತ್ತು ಅಂತ ನಾಳೆಯೇ ಸೊಸೈಟಿಗೆ ಹೋಗಿ ಕೇಳಿ. ಹತ್ತಿರ ಇದ್ದರೆ ಮೊದಲು ಆ 3 ಲಕ್ಷ ಕಟ್ಟಿ, ರಿನೀವಲ್ ಮಾಡಿಸಿ, ಹೊಸ ಸಾಲ ಬಂದ ಮೇಲೆ ಉಳಿದ ಲೆಕ್ಕ ಶುರು ಮಾಡಿ. ರಿನೀವಲ್‌ಗೆ ಎಷ್ಟು ದಿನ ಹಿಡಿಯುತ್ತದೆ, ಪಹಣಿ ಹೊಸದು ಬೇಕಾ ಅನ್ನುವುದನ್ನೂ ದುಡ್ಡು ಕಟ್ಟುವ ಮುಂಚೆಯೇ ಕೇಳಿಕೊಳ್ಳಿ.

ಲೆಕ್ಕ ಇಲ್ಲಿಗೆ ಬಂತು: 4.2 ಲಕ್ಷದಲ್ಲಿ ಕೈಸಾಲ 1.5, ಕಾರ್ಡ್ 45 ಸಾವಿರ ಹೋದರೆ ಉಳಿಯುವುದು 2.25 ಲಕ್ಷ. ಚಿನ್ನ ಪೂರ್ತಿ ಬಿಡಿಸಿದರೆ 45 ಸಾವಿರ ಉಳಿಯುತ್ತದೆ. ಇಲ್ಲೇ ಪ್ರತಿ ವರ್ಷ ತಪ್ಪಾಗುವುದು.

ನಮ್ಮ ಕಡೆ ಸಾಲ ಹುಟ್ಟುವುದು ಜನವರಿಯಲ್ಲಲ್ಲ, ಮಳೆಗಾಲದಲ್ಲಿ. ಮಾರ್ಚ್‌ನಲ್ಲಿ ಕಣದಿಂದ ಕಾಫಿ ಹೋದ ಮೇಲೆ ಎಲ್ಲರ ಕೈಯಲ್ಲೂ ದುಡ್ಡು ಓಡಾಡುತ್ತದೆ, ಮದುವೆ, ಗೃಹಪ್ರವೇಶ, ಹಳೆ ಸಾಲ. ಜೂನ್‌ಗೆ ಶಾಲೆ ಫೀಸು. ಆಮೇಲೆ ಗೊಬ್ಬರ, ಚಿಗುರು ತೆಗೆಯುವ ಕೂಲಿ, ಮೆಣಸಿನ ಬಳ್ಳಿಗೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಸುವುದು. ಜಡಿಮಳೆಯಲ್ಲಿ ಪಿಕಪ್‌ಗೂ ಬಾಡಿಗೆ ಕಮ್ಮಿ. ಆಗಸ್ಟ್‌ಗೆ ಕೈ ಖಾಲಿ, ಸುಗ್ಗಿಯ ಪುತ್ತರಿ ಹಬ್ಬ ಇನ್ನೂ ದೂರ. ಆಗ ಹೋಗಿ ನಿಲ್ಲುವುದು ಯಾರ ಮುಂದೆ? ಬಡ್ಡಿಯವರ ಮುಂದೆ, ಇಲ್ಲಾ ವ್ಯಾಪಾರಿಯ ಮುಂದೆ.

ವ್ಯಾಪಾರಿಯಿಂದ ತಂದದ್ದನ್ನು ನೀವು ಸಾಲದ ಪಟ್ಟಿಗೇ ಸೇರಿಸಿಲ್ಲ. ಆಗಸ್ಟ್‌ನಲ್ಲಿ 80 ಸಾವಿರ ತಂದಿರಿ. ಫೆಬ್ರವರಿಯಲ್ಲಿ ಆ 10 ಚೀಲ ಕೊಡುವಾಗ ಮಾರುಕಟ್ಟೆಯಲ್ಲಿ 9,500 ಇತ್ತು ಅಂತ ಇಟ್ಟುಕೊಳ್ಳಿ, ನಿಮ್ಮ ಕೈತಪ್ಪಿದ್ದು 15 ಸಾವಿರ. ಆರು ತಿಂಗಳಿಗೆ ನೂರಕ್ಕೆ 18.75, ವರ್ಷದ ಲೆಕ್ಕದಲ್ಲಿ 37ಕ್ಕೂ ಜಾಸ್ತಿ. ಕೈಸಾಲಕ್ಕಿಂತ ದುಬಾರಿ, ಆದರೆ ಬಡ್ಡಿ ಅನ್ನುವ ಹೆಸರಿಲ್ಲ ನೋಡಿ, ಅದಕ್ಕೆ ಚುಚ್ಚುವುದಿಲ್ಲ. ರೇಟು ಬಿದ್ದಿದ್ದರೆ ನಷ್ಟ ಅವರದಾಗುತ್ತಿತ್ತು ಅನ್ನಬಹುದು. ಸರಿ, ಆದರೆ ರೇಟು ಎಲ್ಲಿ ಕಟ್ಟಿದರೆ ತಮಗೆ ಗಿಟ್ಟುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ಅದಕ್ಕೇ ಚಿನ್ನಕ್ಕೆ ಈಗ 60 ಸಾವಿರ ಮಾತ್ರ ಕಟ್ಟಿ. ಉಳಿದ 1.65 ಲಕ್ಷವನ್ನು ಮೂರು ಪಾಲು ಮಾಡಿ, ತಲಾ 55 ಸಾವಿರದಂತೆ ಮೂರು ಎಫ್‌ಡಿ ಇಡಿ, ಒಂದು ಜೂನ್‌ಗೆ, ಒಂದು ಆಗಸ್ಟ್‌ಗೆ, ಒಂದು ಅಕ್ಟೋಬರ್‌ಗೆ ಬರುವ ಹಾಗೆ. ಚಿನ್ನಕ್ಕೆ ನೂರಕ್ಕೆ ಹತ್ತು ಬಡ್ಡಿ ಕಟ್ಟುತ್ತಾ ಎಫ್‌ಡಿಯಲ್ಲಿ ಅದಕ್ಕಿಂತ ಕಮ್ಮಿ ಪಡೆಯುವುದು ಯಾವ ಜಾಣತನ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಲೆಕ್ಕ ಮಾಡಿದರೆ ಅದರಿಂದ ನಷ್ಟ ಮೂರು ನಾಲ್ಕು ಸಾವಿರದೊಳಗೆ. ಆಗಸ್ಟ್‌ನಲ್ಲಿ ವ್ಯಾಪಾರಿಯ ಅಂಗಡಿ ಮೆಟ್ಟಿಲು ಹತ್ತದೇ ಇರುವುದಕ್ಕೆ ಅಷ್ಟು ಕೊಡಬಹುದು.

ಕೈಸಾಲ, ಕಾರ್ಡ್ ಹೋದ ಮೇಲೆ ತಿಂಗಳಿಗೆ 6,350 ಉಳಿಯುತ್ತದಲ್ಲ, ಅದು ಉಳಿತಾಯ ಅಲ್ಲ, ಅದನ್ನು ನೇರವಾಗಿ ಚಿನ್ನದ ಸಾಲಕ್ಕೆ ಕಟ್ಟಿ. ಭಾಗಶಃ ಕಟ್ಟಬಹುದು, ಆದರೆ ಕಟ್ಟಿದ್ದು ಅಸಲಿಗೆ ಜಮಾ ಆಯ್ತಾ ಅಂತ ರಸೀದಿ ನೋಡಿ. ಸಂಘದ್ದು, ಪಿಕಪ್‌ದು ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಲಿ. ಸಂಘದ ಕಂತು ಮಾತ್ರ ತಪ್ಪಿಸಬೇಡಿ, ಅಲ್ಲಿ ನೀವು ಕಟ್ಟದಿದ್ದರೆ ಪಕ್ಕದ ಮನೆಯವರ ಮುಖ ನೋಡೋಕಾಗುವುದಿಲ್ಲ.

ಇನ್ನು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ. ಚಿನ್ನವನ್ನು ಎರಡು ಮೂರು ಖಾತೆಯಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದರೆ, ಆ 60 ಸಾವಿರದಲ್ಲಿ ಕತ್ತಿನ ಸರ ಇರುವ ಖಾತೆಯನ್ನೇ ಮುಚ್ಚಿ ಬಿಡಿಸಿಕೊಳ್ಳಿ. ಎಲ್ಲ ಒಂದೇ ಗಂಟಿನಲ್ಲಿದ್ದರೆ, ಕಟ್ಟಿದಷ್ಟಕ್ಕೆ ಒಂದು ಒಡವೆ ಬಿಡುತ್ತೀರಾ ಅಂತ ಮ್ಯಾನೇಜರನ್ನು ಕೇಳಿ, ಕೆಲವು ಕಡೆ ಉಳಿದದ್ದಕ್ಕೆ ಹೊಸ ಸಾಲ ಬರೆದು ಬಿಟ್ಟುಕೊಡುತ್ತಾರೆ. ಮುಂದೆ ಯಾವತ್ತಾದರೂ ಇಡುವ ಪ್ರಸಂಗ ಬಂದರೆ ಬಳೆ ಒಂದು ಖಾತೆ, ಸರ ಒಂದು ಖಾತೆ ಮಾಡಿಸಿ. ಮದುವೆಗೆ ಉಡುಗೊರೆ ಎಷ್ಟು ಅಂತ ನಾನು ಹೇಳುವುದಿಲ್ಲ, ಅದು ನಿಮ್ಮ ಮನೆ ವಿಷಯ. ಆದರೆ ಆ ಮೊತ್ತವನ್ನು ಈಗಲೇ ಬರೆದಿಡಿ, ಜೂನ್‌ನ ಎಫ್‌ಡಿಗೆ ಇಡುವ ದುಡ್ಡಿನಿಂದ ಮೊದಲೇ ಕಳೆದು.

ಪ್ರಶ್ನೆ: ಕುಶಾಲನಗರದಲ್ಲಿ ಅಂಗಡಿಯೊಂದರಲ್ಲಿ ಕೆಲಸ. ಮೊಬೈಲ್ ಆ್ಯಪ್‌ನಲ್ಲಿ 20 ಸಾವಿರ ತಗೊಂಡಿದ್ದೆ. ಎರಡು ಕಂತು ತಪ್ಪಿತು. ರಾತ್ರಿ ಒಂಬತ್ತಕ್ಕೂ ಫೋನ್, ಅಕ್ಕನಿಗೂ ಮಾಡಿ ಬೈದಿದ್ದಾರೆ. ಇನ್ನೊಂದು ಆ್ಯಪ್‌ನಲ್ಲಿ ತಗೊಂಡು ಕಟ್ಟಿಬಿಡಲಾ?

ಉತ್ತರ: ಬೇಡ ತಮ್ಮಾ. ಎರಡನೇ ಆ್ಯಪ್ ತೀರಿಸೋಕೆ ಮೂರನೆಯದು ಬೇಕಾಗುತ್ತೆ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ಮನೆಯವರನ್ನು ಬೈಯುವ ಹಾಗಂತೂ ಇಲ್ಲವೇ ಇಲ್ಲ. ಕರೆ ಬಂದ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ್ಯಪ್‌ನ ಹಿಂದೆ ಇರುವ ಫೈನಾನ್ಸ್ ಕಂಪನಿ ಯಾವುದು, ಅದು ರಿಸರ್ವ್ ಬ್ಯಾಂಕ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ. ಆಗಿದ್ದರೆ ಮೊದಲು ಆ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ). ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಫೋಟೋ ತಿರುಚಿ ಕಳಿಸುತ್ತೇವೆ ಅಂತೆಲ್ಲ ಬೆದರಿಸಿದರೆ ಕಾಯಬೇಡಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ಹೋಗಿ. 2025ರಲ್ಲಿ ಕರ್ನಾಟಕ ತಂದ ಕಿರುಸಾಲದ ಕಾನೂನಿನಲ್ಲಿ ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಹಾಗಂತ ಸಾಲ ಮಾಫಿ ಆಯ್ತು ಅಂತ ಅಲ್ಲ. ಅಕ್ಕನ ಹತ್ತಿರ ಕೂತು ಇದ್ದದ್ದು ಇದ್ದ ಹಾಗೆ ಹೇಳಿ. ಹೇಗೂ ಅವರಿಗೆ ಗೊತ್ತಾಗಿದೆ.

ಪ್ರಶ್ನೆ: ಸೇನೆಯಿಂದ ನಿವೃತ್ತನಾಗಿ ವಿರಾಜಪೇಟೆಯಲ್ಲಿ ಇದ್ದೇನೆ. ಬಂದ ದುಡ್ಡಿನಲ್ಲಿ ಮನೆ ಸಾಲ ಪೂರ್ತಿ ಕಟ್ಟಿ ಎರಡು ತಿಂಗಳಾಯಿತು. ಮನೆ ಪತ್ರ ಇನ್ನೂ ಕೊಟ್ಟಿಲ್ಲ, ‘ಹೆಡ್ ಆಫೀಸಿಂದ ಬರಬೇಕು’ ಅನ್ನುತ್ತಾರೆ.

ಉತ್ತರ: ಪೂರ್ತಿ ಕಟ್ಟಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಬಾಯಿಮಾತಿನಲ್ಲಿ ಕೇಳುವುದು ಬಿಡಿ, ಈ ಎರಡು ಸಾಲನ್ನೇ ಪತ್ರದಲ್ಲಿ ಬರೆದು, ಸಾಲ ಮುಚ್ಚಿದ ದಿನಾಂಕ ಹಾಕಿ, ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಹಳ ಸಲ ಹೆಡ್ ಆಫೀಸು ಅದಾದ ಮೇಲೆ ಹತ್ತಿರವಾಗುತ್ತದೆ.

ಸಾಲ ಬಾಕಿ ಇಲ್ಲ ಅನ್ನುವ ಬೇಬಾಕಿ ಪತ್ರವನ್ನೂ ಕೇಳಿ. ತೋಟದ ಮೇಲೆ ಏನಾದರೂ ಸಾಲ ಇದ್ದು ತೀರಿಸಿದ್ದರೆ, ಆ ಪತ್ರ ಕೊಟ್ಟು ಪಹಣಿಯಲ್ಲಿ ಕೂತಿರುವ ಸಾಲದ ನಮೂದು ತೆಗೆಸಿ, ಅದು ತಾನಾಗಿ ಹೋಗುತ್ತದೆ ಅಂತ ಕೂರಬೇಡಿ. ಹೇಗೂ ಎರಡು ತಿಂಗಳಾಯಿತು, ಸಿಬಿಲ್ ವರದಿಯನ್ನೂ (ನಿಮ್ಮ ಸಾಲಗಳ ಚರಿತ್ರೆ) ತೆಗೆದು ನೋಡಿ, ವರ್ಷಕ್ಕೆ ಒಂದು ಸಲ ಉಚಿತ. ಅಲ್ಲಿ ‘ಕ್ಲೋಸ್ಡ್’ ಅಂತಲೇ ಇರಬೇಕು. ‘ಸೆಟಲ್ಡ್’ ಅಂತ ಇದ್ದರೆ ನೀವು ಪೂರ್ತಿ ಕಟ್ಟದೆ ಕಮ್ಮಿಗೆ ಮುಗಿಸಿಕೊಂಡಿರಿ ಅಂತ ಅರ್ಥ, ನಾಳೆ ಮಗನ ಓದಿನ ಸಾಲಕ್ಕೆ ಜಂಟಿಯಾಗಿ ಸಹಿ ಹಾಕುವಾಗ ಅಡ್ಡ ಬರುತ್ತದೆ. ಹಾಗೆ ಇದ್ದರೆ ಬೇಬಾಕಿ ಪತ್ರದ ಪ್ರತಿ ಸೇರಿಸಿ ಸಿಬಿಲ್‌ಗೂ ಬ್ಯಾಂಕಿಗೂ ಒಂದೇ ದಿನ ದೂರು ಹಾಕಿ.