ಸಂಪಾದಕರ ಉತ್ತರ: ‘ಡೈರ್’ ಎಂದು ಯಾವಾಗ ಹೇಳಬೇಕು?

ಮಾನ್ಯರೇ,

ಬರಗಾಲದ ಕುರಿತಾದ ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುತ್ತಿರುವಾಗ ‘ಡೈರ್’ ಎಂಬ ವಿಶೇಷಣ ಮತ್ತೆ ಮತ್ತೆ ಎದುರಾಯಿತೆಂದೂ, ನಿಘಂಟಿನಲ್ಲಿರುವ ‘ಘೋರ’, ‘ಭಯಂಕರ’ ಎಂಬ ಅರ್ಥಗಳನ್ನು ಎಲ್ಲ ಕಡೆಯೂ ಇಟ್ಟರೆ ವರದಿ ನಾಟಕದ ಮಾತಿನಂತೆ ಕೇಳಿಸುತ್ತದೆಂದೂ ಬರೆದಿದ್ದೀರಿ. ಅದೇ ಪದವನ್ನು ಫುಟ್‌ಬಾಲ್ ವಿಮರ್ಶೆಯೊಂದರಲ್ಲಿ ಕಳಪೆ ಆಟಕ್ಕೆ ಬಳಸಿದ್ದನ್ನು ಕಂಡು ಗೊಂದಲವಾಯಿತೆಂದು ಹೇಳಿ, ‘ಡೈರ್’ ಮತ್ತು ‘ಡೆಸ್ಪರೇಟ್’ ಎರಡೂ ಒಂದೇ ಏನು ಎಂದೂ ಕೇಳಿದ್ದೀರಿ.

‘ಘೋರ’ ಎಂಬುದು ಕಣ್ಣೆದುರು ಇರುವುದರ ಭೀಕರತೆಯನ್ನು ಹೇಳುವ ಮಾತು. ‘ಡೈರ್’ ಪದದ ಒಲವು ಹೆಚ್ಚಾಗಿ ಇನ್ನೂ ಬರಲಿರುವ ಕೇಡಿನ ಕಡೆಗೆ. ಲ್ಯಾಟಿನ್‌ನ ‘ದೀರುಸ್’ ಎಂಬ ಪದ ಇದರ ಮೂಲವಾಗಿದ್ದು, ಅಲ್ಲಿ ಅದಕ್ಕೆ ಭಯ ಹುಟ್ಟಿಸುವ, ಅಪಶಕುನದ ಎಂಬ ಅರ್ಥಗಳಿದ್ದವು. ರೋಮನ್ ಕವಿಗಳು ಸೇಡಿನ ದೇವತೆಗಳನ್ನು ಇದೇ ಪದದ ಸ್ತ್ರೀಲಿಂಗ ಬಹುವಚನದಿಂದ ಕರೆದರು. ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದಲ್ಲಿ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ರಾಜನ ಕೊಲೆ ಇನ್ನೂ ಬಯಲಾಗದಿರುವಾಗ, ಹಿಂದಿನ ರಾತ್ರಿಯ ಬಿರುಗಾಳಿಯಲ್ಲಿ ಕೇಳಿಬಂದ ಅಶುಭದ ದನಿಗಳನ್ನು ಲೆನಾಕ್ಸ್ ವರ್ಣಿಸುತ್ತಾನೆ. ಆ ದನಿಗಳು ಮುನ್ನುಡಿಯುವ ಕೋಲಾಹಲಕ್ಕೆ ಅವನು ಹಚ್ಚುವ ವಿಶೇಷಣ ಇದೇ. (ಈ ಲ್ಯಾಟಿನ್ ಪದಕ್ಕೂ ನಮ್ಮ ‘ದ್ವೇಷ’ಕ್ಕೂ, ‘ಡೈನೋಸಾರ್’ ಪದದ ಮೊದಲ ಭಾಗವಾಗಿರುವ ಗ್ರೀಕ್ ಪದಕ್ಕೂ ಒಂದೇ ಧಾತು ಇದ್ದಿರಬಹುದೆಂಬ ಊಹೆ ಭಾಷಾವಿಜ್ಞಾನಿಗಳಲ್ಲಿದೆ, ಊಹೆಯಾದರೂ ಚೆಂದದ್ದು.)

ಆದ್ದರಿಂದ ನಿಮ್ಮ ವರದಿಯಲ್ಲಿ ‘ಪರಿಸ್ಥಿತಿ ಡೈರ್ ಆಗಿದೆ’ ಎಂದಿದ್ದರೆ, ದಾಸ್ತಾನು ಮುಗಿಯುತ್ತ ಬಂದಿದೆ, ಮಳೆಯ ಸೂಚನೆಯಿಲ್ಲ, ಈಗ ನೆರವು ಸಿಗದಿದ್ದರೆ ಅನಾಹುತ ತಪ್ಪದು ಎಂಬಷ್ಟೂ ಅದರಲ್ಲಿ ಅಡಗಿರುತ್ತದೆ. ಅನಾಹುತ ನಡೆದುಹೋದ ಮೇಲೆ ಇಂಗ್ಲಿಷಿನವರು ಸಾಮಾನ್ಯವಾಗಿ ‘ಟ್ರ್ಯಾಜಿಕ್’ ಎನ್ನುತ್ತಾರೆ, ನಾವು ‘ದಾರುಣ’ ಎನ್ನುತ್ತೇವೆ; ‘ಡೈರ್’ ಎನ್ನುವಾಗ ಕಥೆಯಿನ್ನೂ ಮುಗಿದಿರುವುದಿಲ್ಲ. ಇದಕ್ಕೆ ‘ವಿಷಮ’ ಎಂಬ ಪದ ಚೆನ್ನಾಗಿ ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಕಾಯಿಲೆ ವಿಷಮಿಸಿತು ಎಂದಾಗ ರೋಗಿ ಇನ್ನೂ ಬದುಕಿದ್ದಾನೆಂಬುದೂ, ಏನೂ ಆಗಬಹುದೆಂಬುದೂ ಒಟ್ಟಿಗೇ ತಿಳಿಯುತ್ತದೆ. ವರದಿಯ ಧಾಟಿ ಇನ್ನಷ್ಟು ತಣ್ಣಗಿದ್ದರೆ ‘ಚಿಂತಾಜನಕ’ವೂ ಸಲ್ಲುತ್ತದೆ.

ಆದರೆ ಈ ಪದ ಬಹುಮಟ್ಟಿಗೆ ಕೆಲವು ನಾಮಪದಗಳ ಜೊತೆಯಲ್ಲೇ ಓಡಾಡುವುದರಿಂದ ಜೋಡಿಯನ್ನು ಇಡಿಯಾಗಿ ಅನುವಾದಿಸುವುದು ಲೇಸು. ‘ಡೈರ್ ನೀಡ್’ ಎಂಬಲ್ಲಿ ಭಯಂಕರವಾದುದೇನೂ ಇಲ್ಲ. ‘ತೀರಾ ಅಗತ್ಯ’, ‘ತುರ್ತಾಗಿ ಬೇಕಾಗಿದೆ’ ಎಂದರೆ ಸಾಕು. ‘ಡೈರ್ ವಾರ್ನಿಂಗ್’ ಎಂದರೆ ಕೇಡು ಕಾದಿದೆಯೆಂಬ ಗಂಭೀರ ಎಚ್ಚರಿಕೆ. ಅಪರಾಧ ವರದಿಗಳಲ್ಲಿ ಸವೆದುಹೋಗಿರುವ ‘ಡೈರ್ ಕಾನ್ಸಿಕ್ವೆನ್ಸಸ್’ ಎಂಬ ಜೋಡಿ, ಬೆದರಿಕೆ ಹಾಕಿದವನು ನಿಜವಾಗಿ ಏನು ಹೇಳಿದನೆಂಬುದನ್ನು ಮುಚ್ಚಿಡುವ ಸೋಮಾರಿ ಮಾತು. ಅದನ್ನು ‘ಘೋರ ಪರಿಣಾಮಗಳ ಬೆದರಿಕೆ’ ಎಂದು ಬರೆಯುವ ಬದಲು, ‘ಪರಿಣಾಮ ನೆಟ್ಟಗಿರುವುದಿಲ್ಲ ಎಂದು ಬೆದರಿಸಿದ’ ಎಂದರೆ ಕನ್ನಡದಲ್ಲಿ ಬೆದರಿಸುವವರು ಆಡುವ ಮಾತೇ ಬಂದಂತಾಗುತ್ತದೆ.

‘ಡೈರ್ ಸ್ಟ್ರೇಟ್ಸ್’ ಎಂಬ ಜೋಡಿಯನ್ನು ನೀವು ‘ಭಯಂಕರ ನೇರ ದಾರಿ’ ಎಂದು ಓದಿ ಬೆರಗಾದದ್ದು ಸಹಜವೇ, ಏಕೆಂದರೆ ನೇರ ಎಂಬ ಅರ್ಥದ ಪದವೂ ಇದೂ ಉಚ್ಚಾರದಲ್ಲಿ ಒಂದೇ. ಕಾಗುಣಿತ ಮತ್ತು ಮೂಲ ಬೇರೆ. ಇದು ಬಿಗಿಯಾಗಿ ಎಳೆದುಕಟ್ಟಿದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದು, ಎರಡು ಸಮುದ್ರಗಳನ್ನು ಕೂಡಿಸುವ ಕಿರಿದಾದ ಜಲಸಂಧಿಗೂ, ಅದರ ಬಹುವಚನ ರೂಪ ಅಲುಗಾಡಲಾಗದ ಕಷ್ಟಕ್ಕೂ ಹೆಸರಾಯಿತು. ಕನ್ನಡದ ‘ಇಕ್ಕಟ್ಟು’ ಕೂಡ ಜಾಗದ ಕಿರಿದನ್ನೂ ಬದುಕಿನ ತೊಡಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದಲ್ಲವೇ? ಸಂಸ್ಥೆಯೊಂದು ಹಣಕಾಸಿನ ‘ಡೈರ್ ಸ್ಟ್ರೇಟ್ಸ್’ನಲ್ಲಿದೆ ಎಂದರೆ ಅದು ತೀವ್ರ ಇಕ್ಕಟ್ಟಿಗೆ ಸಿಲುಕಿದೆ ಎಂದು ಬರೆಯಬಹುದು.

ಇನ್ನು ‘ಡೆಸ್ಪರೇಟ್’. ಇದು ಆಸೆ ಬಿಟ್ಟವನು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಹೀಗಾಗಿ ಇದರಲ್ಲಿ ಕಷ್ಟದೊಳಗಿರುವವನ ಮನಸ್ಸು ಸೇರಿಕೊಂಡಿದೆ. ಮನುಷ್ಯ ‘ಡೆಸ್ಪರೇಟ್’ ಆಗಬಲ್ಲ, ಅವನ ಪ್ರಯತ್ನ, ಅವನ ಮೊರೆ, ಏನಾದರಾಗಲಿ ಎಂದು ಅವನು ಮಾಡುವ ಕೊನೆಯ ಸಾಹಸ ಕೂಡ ಹಾಗೆಯೇ ಆಗಬಲ್ಲವು. ‘ಡೈರ್’ ಹೊರಗೆ ನಿಂತು ಸ್ಥಿತಿಯನ್ನು ಅಳೆಯುವವನ ಮಾತು. ಪರಿಸ್ಥಿತಿಗೆ ಎರಡನ್ನೂ ಹಚ್ಚಬಹುದಾದರೂ, ಕಂಗೆಟ್ಟ ಕುಟುಂಬವೊಂದನ್ನು ‘ಡೈರ್ ಕುಟುಂಬ’ ಎಂದು ಕರೆದರೆ ಅವರ ಸಂಕಟವನ್ನು ಹೇಳಿದಂತಾಗುವುದಿಲ್ಲ. ಬ್ರಿಟನ್ನಿನ ಓದುಗನಿಗಂತೂ ಅವರು ಸಹಿಸಲಾಗದ ಜನ ಎಂದೇ ತೋರೀತು. ಅಲ್ಲಿಯ ಆಡುಮಾತಿನಲ್ಲಿ ಈ ಪದಕ್ಕೆ ‘ತೀರಾ ಕಳಪೆ’, ‘ಕೆಟ್ಟದ್ದು’ ಎಂಬ ಸಡಿಲ ಅರ್ಥ ಬಂದಿದೆ. ನಿಮ್ಮ ಫುಟ್‌ಬಾಲ್ ವಿಮರ್ಶಕ ಬಳಸಿದ್ದು ಅದನ್ನೇ; ಅಲ್ಲಿ ಯಾವ ಅಪಶಕುನವೂ ಇಲ್ಲ, ತಂಡ ಕೆಟ್ಟದಾಗಿ ಆಡಿತು, ಅಷ್ಟೆ. ಗಂಭೀರ ವರದಿಯಲ್ಲಿ ಈ ಅರ್ಥವನ್ನು ಹುಡುಕಬೇಕಾಗಿಲ್ಲ.

ವ್ಯಾಕರಣದ ಬಗ್ಗೆ ಕೇಳಿದ್ದಕ್ಕೆ ಎರಡು ಮಾತು. ಉಚ್ಚಾರ ‘ಫೈರ್’ ಪದಕ್ಕೆ ಪ್ರಾಸವಾಗುತ್ತದೆ. ತರತಮ ರೂಪಗಳಾದ ‘ಡೈರರ್’, ‘ಡೈರೆಸ್ಟ್’ ಎರಡೂ ಶುದ್ಧವೇ ಆದರೂ, ಮೊದಲನೆಯದು ಬಾಯಿಗೆ ತೊಡಕಾದ್ದರಿಂದ ಅದರ ಬದಲು ‘ಮೋರ್ ಡೈರ್’ ಎನ್ನುವವರೇ ಹೆಚ್ಚು. ‘ಡೈರ್ಲಿ’ ಎಂಬ ಕ್ರಿಯಾವಿಶೇಷಣವೂ ಉಂಟು. ಆದರೆ ನೆರವು ‘ಡೈರ್ಲಿ’ ಬೇಕಾಗಿದೆ ಎಂಬಂಥ ಕೆಲವೇ ಪ್ರಯೋಗಗಳಾಚೆ ಅದು ಅಪರೂಪವಾದ್ದರಿಂದ, ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ಅದರ ಗೊಡವೆಗೆ ಹೋಗದೆ ‘ಅರ್ಜೆಂಟ್ಲಿ’ ಎಂದೇ ಬರೆಯಿರಿ.

— ಸಂಪಾದಕರು