ಮಾತ್ರೆ ಲೆಕ್ಕ ಸರಿಯಾಗಿಯೇ ಇತ್ತು

ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಎ.ಆರ್.ಟಿ. ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಕೂತವರಿಗೆಲ್ಲ ಇದು ಗೊತ್ತಿರುವ ತಲೆನೋವೇ. ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿದರೆ ಲೆಕ್ಕ ಪಕ್ಕಾ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಮಾತ್ರ 1000 ದಾಟಿ ಹತೋಟಿ ತಪ್ಪಿರುತ್ತದೆ.

ಹಾಗೆ ಬಂದವರಲ್ಲಿ ಒಬ್ಬಾಕೆಗೆ ಮೂವತ್ತರ ಆಸುಪಾಸು. ಗಂಡ ಇಲ್ಲ, ಅಣ್ಣನ ಮನೆಯಲ್ಲಿ ವಾಸ, ಗಾರ್ಮೆಂಟ್ಸ್ ಕೆಲಸ. ಮನೆಯಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ.

ಆ ದಿನ ನನಗೂ ರೇಗಿತ್ತು. "ಲೆಕ್ಕ ಸರಿ ಇದೆ, ಮತ್ತೆ ರಿಪೋರ್ಟ್ ಯಾಕಮ್ಮ ಹೀಗೆ?" ಅಂದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, "ಮಾತ್ರೆ ಉಳಿದಿದ್ರೆ ನೀವು ಬೈತೀರಲ್ವಾ ಮೇಡಂ, ಅದಕ್ಕೇ ಬಸ್ ಸ್ಟ್ಯಾಂಡಲ್ಲೇ ಎಣಿಸಿ, ಜಾಸ್ತಿ ಇದ್ದದ್ದನ್ನ ಮೋರಿಗೆ ಹಾಕಿ ಬರ್ತೀನಿ" ಅಂದರು.

ಏನು ಹೇಳೋದು? ಹಿಂದೊಮ್ಮೆ ನಾಲ್ಕು ಉಳಿದಿದ್ದಕ್ಕೆ ಹೊರಗಿನ ಬೆಂಚಿಗೂ ಕೇಳುವಂತೆ ಬೈದವಳು ನಾನೇ.

"ತಿಂಗಳಿಗೆ ಎಷ್ಟು ತಪ್ಪುತ್ತೆ?" ಅಂದೆ. ಎಂಟು, ಹತ್ತು. ರಾತ್ರಿ ಒಂಬತ್ತಕ್ಕೆ ನುಂಗಬೇಕು, ಪಕ್ಕದಲ್ಲೇ ಅತ್ತಿಗೆ, ಮಕ್ಕಳು, ಡಬ್ಬಿ ಮುಟ್ಟಿದರೆ ಗಲಗಲ. ರಾತ್ರಿಯೇ ಯಾಕೆ? "ನೀವೇ ಹೇಳಿದ್ದು ಮೇಡಂ." ನಿಜ. ಹಳೇ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು, ತಲೆ ಸುತ್ತುತ್ತದೆ ಅಂತ ಮಲಗುವಾಗ ತಗೊಳ್ಳಿ ಅಂತಿದ್ದೆವು. ಈಗಿನ ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಆ ಕಟ್ಟುಪಾಡಿಲ್ಲ. ಮಾತ್ರೆ ಬದಲಾಯಿಸಿದ ನಾವು, ಹೊತ್ತನ್ನೂ ಬದಲಾಯಿಸಬಹುದು ಅಂತ ಆಕೆಗೆ ಹೇಳಿಯೇ ಇರಲಿಲ್ಲ.

ಹಾಗಾಗಿ ಬೆಳಗ್ಗೆ ಫ್ಯಾಕ್ಟರಿಯಲ್ಲಿ ತಿಂಡಿ ಹೊತ್ತಿಗೆ ತಗೊಳ್ಳಿ ಅಂದೆ. ಭಾನುವಾರ ಅದೇ ಹೊತ್ತಿಗೆ ನೀರು ತರುವ ನೆಪ. ಮರೆತರೆ ನೆನಪಾದ ತಕ್ಷಣ ಒಂದು, ಮಾರನೇ ದಿನ ಎರಡೆರಡು ಬೇಡ. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ತೆಗೆಯದೆ, ಮೇಲೆ ಸ್ವಲ್ಪ ಹತ್ತಿ ಇಡಿ, ಸದ್ದು ಬರಲ್ಲ.

ಮುಚ್ಚಿಡೋದನ್ನ ಕಲಿಸ್ತೀರಾ, ಮನೆಯವರಿಗೆ ಹೇಳಿಸಬೇಕಿತ್ತು ಅಂತ ಜೊತೆಗಿರುವವರೇ ಆಕ್ಷೇಪಿಸಿದರು. ಹೇಳೋದು ಬಿಡೋದು ಆಕೆಗೆ ಬಿಟ್ಟದ್ದು, 2017ರ ಎಚ್‌ಐವಿ ಕಾಯ್ದೆಯೂ ಗೌಪ್ಯತೆಯನ್ನು ಕಾಪಾಡಲೇಬೇಕು ಅನ್ನುತ್ತದೆ. ಕಾಯ್ದೆ ಹಾಗಿರಲಿ, ಹೇಳಿದ ರಾತ್ರಿ ಅಣ್ಣ ಬಾಗಿಲು ಹಾಕಿಕೊಂಡರೆ ಆಕೆ ಎಲ್ಲಿ ಮಲಗಬೇಕು? ನಮ್ಮಲ್ಲಿ ಯಾರಾದರೂ ಕರೆದುಕೊಂಡು ಹೋಗ್ತೀವಾ?

ಈಗ ನಾನು ಯಾರಿಗೂ "ಎಲ್ಲಾ ತಗೊಂಡ್ರಾ?" ಅಂತ ಕೇಳುವುದಿಲ್ಲ. ಕೇಳಿದರೆ ಹೂಂ ಅಂತಾರೆ ಅಷ್ಟೇ. "ಈ ತಿಂಗಳು ಎಷ್ಟು ತಪ್ಪಿತು?" ಅಂತೀನಿ.

ಮತ್ತೊಮ್ಮೆ ವೈರಲ್ ಲೋಡ್ ನೋಡೋಕೆ ಇನ್ನೂ ಎರಡು ತಿಂಗಳಿದೆ. ಮೊನ್ನೆ ಬಂದವರು ಕೂರುವ ಮೊದಲೇ ಮೇಜಿನ ಮೇಲೆ ಡಬ್ಬಿ ಇಟ್ಟು, ಹತ್ತಿ ಕಿತ್ತು, "ಎರಡು ಉಳಿದಿದೆ ಮೇಡಂ, ಎಣಿಸ್ಕೊಳ್ಳಿ" ಅಂದರು.